ವೇಷಾಂತರದ ಬದುಕು: ಆರ್. ನಾಗೇಂದ್ರರಾಯರ ಅಭಿನಯ ಮತ್ತು ಅದರ ದೇಸಿ ನೆಲೆಗಳು

ಪ್ರವೇಶ

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಸಮೀಪದಲ್ಲಿದ್ದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ಕನ್ನಡಿಗರು ತಮ್ಮ ಮಾತನ್ನು ಬೆಳ್ಳಿತೆರೆಯಿಂದ ಕೇಳಿಸಿಕೊಂಡ ಮೊದಲ ದಿನವದು. ಆ ಚಿತ್ರದ ರಾವಣನ ಪಾತ್ರಧಾರಿ ಆರ್. ನಾಗೇಂದ್ರರಾಯರು. ಚಿತ್ರದ ಸಂಗೀತದ ಹೊಣೆಯಲ್ಲಿಯೂ ಅವರು ಎಚ್.ಆರ್. ಪದ್ಮನಾಭ ಶಾಸ್ತ್ರಿಗಳೊಂದಿಗೆ ಪಾಲುದಾರರಾಗಿದ್ದರು. 2024ರಲ್ಲಿ ಆ ಘಟನೆಗೆ ತೊಂಬತ್ತು ವರ್ಷಗಳು ತುಂಬಿದವು. ಆದರೆ ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರದ ರಾವಣ ಹೇಗೆ ನಡೆದ, ಹೇಗೆ ನಕ್ಕ, ಮಗನ ಸಾವಿನ ಸುದ್ದಿಯನ್ನು ಕೇಳಿ ಹೇಗೆ ಕುಸಿದ ಎಂಬುದನ್ನು ನೋಡಿ ಹೇಳುವ ಭಾಗ್ಯ ನಮ್ಮ ತಲೆಮಾರಿನ ಯಾವ ಸಂಶೋಧಕನಿಗೂ ಇಲ್ಲ.

ನಾಗೇಂದ್ರರಾಯರನ್ನು ಕುರಿತ ಬರವಣಿಗೆಗಳಲ್ಲಿ ‘ಬಹುಮುಖ ಪ್ರತಿಭೆ’ ಎಂಬ ವಿಶೇಷಣ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ನಟ, ಗಾಯಕ, ಸಂಗೀತ ಸಂಯೋಜಕ, ನಾಟಕ ಮಂಡಳಿಯ ಒಡೆಯ, ಚಿತ್ರನಿರ್ದೇಶಕ, ನಿರ್ಮಾಪಕ ಎಂದು ಪಟ್ಟಿ ಬೆಳೆಯುತ್ತದೆ. ಪಟ್ಟಿ ಸುಳ್ಳಲ್ಲ. ಆದರೆ ಆ ಬಹುಮುಖತೆ ಎಲ್ಲಿಂದ ಬಂದಿತು, ಅದನ್ನು ರೂಪಿಸಿದ ವ್ಯವಸ್ಥೆ ಯಾವುದು, ನಮ್ಮ ಜನಪದ ರಂಗಭೂಮಿಗೂ ಅದಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳನ್ನು ಪಟ್ಟಿ ಉತ್ತರಿಸುವುದಿಲ್ಲ. ಪ್ರಸ್ತುತ ಪ್ರಬಂಧದಲ್ಲಿ ನಾಗೇಂದ್ರರಾಯರ ಕೆಲವು ಮುಖ್ಯ ಪಾತ್ರಗಳನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿವೇಚಿಸುವ ಪ್ರಯತ್ನ ಮಾಡಲಾಗಿದೆ.

ಕಂಪನಿ ಎಂಬ ಗರಡಿಮನೆ

ನಾಗೇಂದ್ರರಾಯರು ಹುಟ್ಟಿದ್ದು 1896ರಲ್ಲಿ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ. ಅವರು ಹುಟ್ಟುವ ವೇಳೆಗೆ ಕನ್ನಡ ವೃತ್ತಿರಂಗಭೂಮಿಗೆ ಕಾಲು ಬಲಿತಿತ್ತು. 1880ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಅರಮನೆಯ ಆಶ್ರಯದ ನಾಟಕ ಮಂಡಳಿ ರೂಪುಗೊಂಡಿತ್ತು. ಬಸವಪ್ಪಶಾಸ್ತ್ರಿಗಳ ‘ಶಾಕುಂತಲ’ ರಂಗದ ಮೇಲೆ ಬಂದಿತ್ತು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿಕೊಂಡಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎ.ವಿ. ವರದಾಚಾರ್ಯರು ತಮ್ಮ ರತ್ನಾವಳಿ ನಾಟಕ ಸಭೆಯ ಮೂಲಕ ನಟನ ಮಾತಿಗೂ ಹಾಡಿಗೂ ಹೊಸ ಘನತೆಯನ್ನು ತಂದುಕೊಟ್ಟರು. ಎಳೆಯ ವಯಸ್ಸಿನಲ್ಲಿಯೇ ಬಣ್ಣದ ಸೆಳೆತಕ್ಕೆ ಒಳಗಾದ ನಾಗೇಂದ್ರರಾಯರು ಬೆಳೆದದ್ದು ಈ ವಾತಾವರಣದಲ್ಲಿ. ಬಾಲನಟನಾಗಿ, ಸ್ತ್ರೀಪಾತ್ರಧಾರಿಯಾಗಿ ಅವರ ರಂಗಜೀವನ ಮೊದಲಾಯಿತು.

ಹೆಂಗಸರು ರಂಗಕ್ಕೆ ಬರುವುದು ವಿರಳವಾಗಿದ್ದ ಕಾಲದಲ್ಲಿ ಹುಡುಗರು ಸ್ತ್ರೀಪಾತ್ರ ವಹಿಸುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಇದನ್ನು ಕೇವಲ ಒಂದು ಅನಿವಾರ್ಯತೆ ಎಂದು ನೋಡಿದರೆ ಅದರ ಶಿಕ್ಷಣದ ಮುಖ ಮರೆಯಾಗುತ್ತದೆ. ಯಕ್ಷಗಾನವನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾದೀತು. ತೆಂಕುತಿಟ್ಟಿನ ಮೇಳಗಳಲ್ಲಿ ಕಲಿಕೆಯ ಹುಡುಗ ಪೂರ್ವರಂಗದ ಕೋಡಂಗಿಯಾಗಿ, ಬಾಲಗೋಪಾಲನಾಗಿ, ಪೀಠಿಕೆಯ ಸ್ತ್ರೀವೇಷವಾಗಿ ಕುಣಿದು, ಮೆಟ್ಟಿಲು ಮೆಟ್ಟಿಲಾಗಿ ಪ್ರಸಂಗದ ಪಾತ್ರಗಳಿಗೆ ಏರುತ್ತಾನೆ. ದೊಡ್ಡ ವೇಷ ಕಟ್ಟುವ ಹೊತ್ತಿಗೆ ಅವನ ಮೈಗೆ ಸಣ್ಣ ವೇಷಗಳೆಲ್ಲ ಒಗ್ಗಿರುತ್ತವೆ. ವೃತ್ತಿಕಂಪನಿಗಳು ಬಯಲಾಟವನ್ನು ‘ಗ್ರಾಮ್ಯ’ವೆಂದು ದೂರ ಇಟ್ಟು ಪಾರ್ಸಿ ಹಾಗೂ ಮರಾಠಿ ರಂಗಭೂಮಿಗಳ ಪರದೆ, ಸೀನುಗಳನ್ನು ಬರಮಾಡಿಕೊಂಡವು. ಆದರೆ ನಟನನ್ನು ತಯಾರಿಸುವ ಕ್ರಮದಲ್ಲಿ ಮಾತ್ರ ಅವು ಮೇಳದ ದಾರಿಯನ್ನೇ ಹಿಡಿದವು. ಊರಿಂದೂರಿಗೆ ಕ್ಯಾಂಪು, ಒಂದೇ ಅಡುಗೆಮನೆ, ಹಗಲು ತಾಲೀಮು, ರಾತ್ರಿ ಆಟ. ಹಿರಿಯರ ಪಾರ್ಟನ್ನು ಸೈಡ್‌ವಿಂಗಿನಲ್ಲಿ ನಿಂತು ಕಿವಿಯಿಂದಲೇ ಕಲಿಯುವ ಹುಡುಗರು. ಯಾವ ಲಿಖಿತ ಪಠ್ಯಕ್ರಮವೂ ಇಲ್ಲದ ಈ ಕಲಿಕೆ ಮೂಲತಃ ಮೌಖಿಕ ಪರಂಪರೆಯ ಕಲಿಕೆಯೇ ಆಗಿತ್ತು.

ಆದರೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಮೇಳದಲ್ಲಿ ಪಳಗಿದ ಕಲಾವಿದ ಕೊನೆಗೆ ಒಂದು ವಿಭಾಗಕ್ಕೆ ನಿಲ್ಲುತ್ತಾನೆ. ಬಣ್ಣದ ವೇಷದವನು, ಸ್ತ್ರೀವೇಷದವನು, ಹಾಸ್ಯಗಾರ ಎಂಬುದು ಅವನ ಹೆಸರಿನೊಂದಿಗೇ ಅಂಟಿಕೊಳ್ಳುತ್ತದೆ. ಕಂಪನಿಯಲ್ಲಿಯೂ ರಾಜಾಪಾರ್ಟು, ಸ್ತ್ರೀಪಾರ್ಟು, ಹಾಸ್ಯಪಾರ್ಟು ಎಂಬ ವಿಂಗಡಣೆ ಇದ್ದಿತಾದರೂ ಅದು ಅಷ್ಟು ಬಿಗಿಯಾಗಿರಲಿಲ್ಲ. ನಟನೊಬ್ಬ ಕಾಯಿಲೆ ಬಿದ್ದರೆ, ಸಂಬಳಕ್ಕೆ ಜಗಳವಾಡಿ ಬೇರೆ ಕಂಪನಿಗೆ ಹೋದರೆ, ಆ ರಾತ್ರಿ ಆಟ ನಿಲ್ಲುವಂತಿರಲಿಲ್ಲ. ಎಲ್ಲ ಪಾರ್ಟೂ ಬಾಯಿಗೆ ಬರುತ್ತಿದ್ದವನೇ ಕಂಪನಿಯ ಬೆನ್ನೆಲುಬು. ನಾಗೇಂದ್ರರಾಯರ ಬಹುಮುಖತೆಯ ಮೊದಲ ಬೇರು ಇಲ್ಲಿದೆ.

ನಾಯಕನ ಎದುರಿನ ನಟ

ನಾಗೇಂದ್ರರಾಯರ ಕಲಾಜೀವನವನ್ನು ಎಂ.ವಿ. ಸುಬ್ಬಯ್ಯನಾಯ್ಡು ಅವರಿಂದ ಬೇರ್ಪಡಿಸಿ ನೋಡುವುದು ಸಾಧ್ಯವಿಲ್ಲ. ಇಬ್ಬರೂ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸಿದರು. ಇಬ್ಬರೂ ಕೂಡಿ ಚಿತ್ರರಂಗಕ್ಕೆ ಬಂದರು. ಇವರ ಜೋಡಿಯ ಪಾತ್ರಹಂಚಿಕೆಯನ್ನು ಸಾಲಾಗಿಟ್ಟು ನೋಡಿದರೆ ಒಂದು ವಿನ್ಯಾಸ ಕಣ್ಣಿಗೆ ಬೀಳುತ್ತದೆ. ‘ಸತಿ ಸುಲೋಚನ’ದ ಇಂದ್ರಜಿತು, ‘ಭೂಕೈಲಾಸ್’ನ ರಾವಣ, ‘ವಸಂತಸೇನಾ’ದ ಚಾರುದತ್ತ, ‘ಸತ್ಯ ಹರಿಶ್ಚಂದ್ರ’ದ ಹರಿಶ್ಚಂದ್ರ, ‘ಮಹಾತ್ಮ ಕಬೀರ್’ನ ಕಬೀರ, ಈ ಎಲ್ಲ ನಾಯಕಪಾತ್ರಗಳು ನಾಯ್ಡು ಅವರ ಪಾಲಿಗೆ. ಎದುರು ನಿಲ್ಲುವ ಪಾತ್ರ, ಕಥೆಯನ್ನು ತಿರುಗಿಸುವ ಪಾತ್ರ, ನಗಿಸಿ ನಡುಗಿಸುವ ಪಾತ್ರ ನಾಗೇಂದ್ರರಾಯರ ಪಾಲಿಗೆ.

ನಾಯಕನ ಪಾತ್ರಕ್ಕೆ ಒಂದು ಸಿದ್ಧ ಘನತೆಯಿರುತ್ತದೆ. ಪ್ರೇಕ್ಷಕರು ಅದನ್ನು ಪ್ರೀತಿಸಲೆಂದೇ ಬಂದಿರುತ್ತಾರೆ. ಎದುರುಪಾತ್ರ ಪ್ರತಿ ನಾಟಕದಲ್ಲಿಯೂ ಬೇರೆಯಾಗುತ್ತದೆ. ಅದಕ್ಕೆ ಪ್ರತಿಸಲವೂ ಹೊಸ ಮೈ, ಹೊಸ ದನಿ ಬೇಕು. ನಾಗೇಂದ್ರರಾಯರು ಆರಿಸಿಕೊಂಡದ್ದೋ ಅವರ ಪಾಲಿಗೆ ಒದಗಿದ್ದೋ, ಈ ಸ್ಥಾನವೇ ಅವರನ್ನು ಬಹುಮುಖಿಯಾಗಿಸಿತು ಎಂದು ಹೇಳಬಹುದು. ಅವರ ಬಹುಮುಖತೆಯ ಎರಡನೆಯ ಬೇರು ಇದು.

‘ಸತಿ ಸುಲೋಚನ’ವನ್ನು ನಿರ್ಮಿಸಿದವರು ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ, ಸಂಸ್ಥೆ ಸೌತ್ ಇಂಡಿಯಾ ಮೂವಿಟೋನ್. ನಿರ್ದೇಶಕ ವೈ.ವಿ. ರಾವ್. ಸಂಭಾಷಣೆ ಮತ್ತು ಹಾಡುಗಳು ರಂಗಭೂಮಿಯ ಹೆಸರಾಂತ ನಾಟಕಕಾರರಾದ ಬೆಳ್ಳಾವೆ ನರಹರಿಶಾಸ್ತ್ರಿಗಳವು. ತ್ರಿಪುರಾಂಬ ಅವರು ಸುಲೋಚನೆ, ಲಕ್ಷ್ಮೀಬಾಯಿ ಅವರು ಮಂಡೋದರಿ. ಬೆಂಗಳೂರಿನಲ್ಲಿ ತಕ್ಕ ಸೌಕರ್ಯವಿಲ್ಲದ ಕಾರಣ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಹಿನ್ನೆಲೆಗಾಯನದ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ನಟನೇ ಅಭಿನಯಿಸುತ್ತ ಹಾಡಬೇಕು, ವಾದ್ಯದವರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಕುಳಿತು ನುಡಿಸಬೇಕು. ತಪ್ಪಿದರೆ ಮೊದಲಿನಿಂದ. ರಾತ್ರಿಯಿಡೀ ಧ್ವನಿವರ್ಧಕವಿಲ್ಲದೆ ಹಾಡಿ ಮಾತಾಡಿ ಪಳಗಿದ ಕಂಪನಿ ನಟರಲ್ಲದೆ ಬೇರಾರಿಗೂ ಈ ಕೆಲಸ ದಕ್ಕುವಂತಿರಲಿಲ್ಲ. ಆರಂಭದ ವಾಕ್ಚಿತ್ರಗಳನ್ನು ‘ಫೋಟೋ ತೆಗೆದ ನಾಟಕ’ಗಳೆಂದು ಹಗುರವಾಗಿ ಕಾಣುವ ರೂಢಿ ನಮ್ಮ ವಿಮರ್ಶೆಯಲ್ಲಿದೆ. ಆ ನಾಟಕದ ಮೈಗಾರಿಕೆ ಇಲ್ಲದಿದ್ದಲ್ಲಿ ಫೋಟೋ ತೆಗೆಯಲು ಎದುರಿನಲ್ಲಿ ಏನೂ ಇರುತ್ತಿರಲಿಲ್ಲ ಎಂಬುದನ್ನು ನೆನೆಯಬೇಕು.

ರಾವಣನಿಂದ ನಾರದನಿಗೆ

‘ಸತಿ ಸುಲೋಚನ’ದಲ್ಲಿ ರಾವಣನಾಗಿದ್ದ ನಾಗೇಂದ್ರರಾಯರು 1940ರಲ್ಲಿ ತೆರೆಕಂಡ ‘ಭೂಕೈಲಾಸ್’ ಚಿತ್ರದಲ್ಲಿ ನಾರದರಾದರು. ರಾವಣನ ಪಾತ್ರ ಸುಬ್ಬಯ್ಯನಾಯ್ಡು ಅವರದಾಯಿತು. ಇದು ತೆಲುಗು ಚಿತ್ರ. ನಿರ್ಮಾಪಕರು ಎ.ವಿ. ಮೆಯ್ಯಪ್ಪನ್, ನಿರ್ದೇಶಕರು ಸುಂದರರಾವ್ ನಾಡಕರ್ಣಿ. ಮೂಲವಸ್ತು ಮಾತ್ರ ಕನ್ನಡದ್ದು. ನಾಯ್ಡು–ನಾಗೇಂದ್ರರಾಯರ ಮಂಡಳಿ ಆಡುತ್ತಿದ್ದ ‘ಭೂಕೈಲಾಸ’ ನಾಟಕದ ಜನಪ್ರಿಯತೆಯೇ ಈ ಚಿತ್ರಕ್ಕೆ ಪ್ರೇರಣೆಯಾಯಿತು. ಕನ್ನಡ ನಟರು ತೆಲುಗಿನಲ್ಲಿ ಮಾತನಾಡಿದರು. ಭಾಷೆಯ ಗಡಿ ದಾಟುವುದು ಅಂದಿನ ಕಂಪನಿ ನಟರಿಗೆ ಹೊಸದೇನಾಗಿರಲಿಲ್ಲ.

ಜಾನಪದ ವಿದ್ಯಾರ್ಥಿಗೆ ಈ ಕಥೆ ಬೇರೊಂದು ಕಾರಣಕ್ಕೆ ಮುಖ್ಯವಾಗುತ್ತದೆ. ‘ಭೂಕೈಲಾಸ’ ಮೂಲತಃ ಗೋಕರ್ಣದ ಸ್ಥಳಪುರಾಣ. ರಾವಣನ ತಾಯಿ ಕೈಕಸಿ ಕಡಲತಡಿಯಲ್ಲಿ ಮಾಡಿದ ಮರಳ ಲಿಂಗವನ್ನು ಅಲೆಗಳು ಕೊಚ್ಚಿಕೊಂಡು ಹೋಗುತ್ತವೆ. ತಾಯಿಯ ವ್ರತ ತುಂಬಲೆಂದು ಮಗ ಆತ್ಮಲಿಂಗವನ್ನೇ ತರಲು ಹೊರಡುತ್ತಾನೆ. ಲಿಂಗವನ್ನು ನೆಲಕ್ಕೆ ಇಡಬಾರದೆಂಬ ಕಟ್ಟಳೆ, ಸಂಧ್ಯಾವಂದನೆಯ ಹೊತ್ತು, ದನಕಾಯುವ ಹುಡುಗನ ರೂಪದ ಗಣಪತಿ, ನೆಲಕ್ಕೆ ನಾಟಿದ ಲಿಂಗ, ಎಳೆದು ತಿರುಚಿದಾಗ ಗೋವಿನ ಕಿವಿಯಂತಾದ ಕಲ್ಲು. ಕಿತ್ತೆಸೆದ ಸಂಪುಟ, ಮುಚ್ಚಳ, ವಸ್ತ್ರ, ದಾರ ಬಿದ್ದ ಸ್ಥಳಗಳೆಂದು ಸಜ್ಜೇಶ್ವರ, ಗುಣವಂತೇಶ್ವರ, ಮುರುಡೇಶ್ವರ, ಧಾರೇಶ್ವರಗಳನ್ನು ಕರಾವಳಿಯ ಜನ ಇಂದಿಗೂ ತೋರಿಸುತ್ತಾರೆ. ನೆಲದ ಮೇಲೆ ನಡೆದು ನೋಡಬಹುದಾದ ಕಥೆ ಇದು.

ಈ ಐತಿಹ್ಯದಲ್ಲಿ ರಾವಣ ಖಳನಲ್ಲ. ತಾಯಿಗಾಗಿ ತಪಸ್ಸು ಮಾಡಿದ, ಪಡೆದದ್ದನ್ನು ಕಳೆದುಕೊಂಡ ಭಕ್ತ. ಹಾಗಿರುವಾಗ ಕಥೆಯಲ್ಲಿ ಎದುರಾಳಿಯ ಕೆಲಸವನ್ನು ಮಾಡಬೇಕಾದವರು ದೇವತೆಗಳೇ. ನಾಟಕ ಮತ್ತು ಚಿತ್ರಗಳಲ್ಲಿ ಈ ಭಾರ ಬೀಳುವುದು ನಾರದನ ಮೇಲೆ. ವಿಷ್ಣುಮಾಯೆಯಿಂದ ಮತಿ ಕವಿದು ಪಾರ್ವತಿಯನ್ನೇ ಬೇಡಿದ ರಾವಣನಿಗೆ ನಿನಗೆ ದಕ್ಕಿದವಳು ನಿಜವಾದ ಪಾರ್ವತಿಯಲ್ಲವೆಂದು ನಂಬಿಸಿ, ಅವನನ್ನು ಮಂಡೋದರಿಯತ್ತ ತಿರುಗಿಸುವವನು ನಾರದ. ಜಗತ್ತಿನ ಜನಪದ ಕಥೆಗಳಲ್ಲೆಲ್ಲ ಕಾಣಸಿಗುವ ತಂತ್ರಗಾರನ ಪಾತ್ರದ ಲಕ್ಷಣಗಳು ಇವನಲ್ಲಿವೆ. ಸುಳ್ಳಾಡಿಯೂ ಲೋಕಹಿತ ಸಾಧಿಸುವವನು, ನಗುತ್ತಲೇ ಗಂಡಾಂತರ ತರುವವನು.

ರಾವಣನನ್ನು ಆಡಿದ ನಟನೇ ರಾವಣನನ್ನು ಮರುಳು ಮಾಡುವ ನಾರದನನ್ನೂ ಆಡಿದ ಎಂಬಲ್ಲಿ ಒಂದು ಅರ್ಥವಿದೆ. ರಾವಣನಿಗೆ ಭಾರವಾದ ಹೆಜ್ಜೆ, ಎದೆಯಿಂದೆದ್ದ ದನಿ ಬೇಕು. ನಾರದನಿಗೆ ಹಗುರವಾದ ನಡೆ, ಹಾಡಿನಿಂದ ಮಾತಿಗೂ ಮಾತಿನಿಂದ ಹಾಡಿಗೂ ತಡೆಯಿಲ್ಲದೆ ಜಾರುವ ಕಂಠ ಬೇಕು. ಯಕ್ಷಗಾನದ ಪರಿಭಾಷೆಯಲ್ಲಿ ಹೇಳುವುದಾದರೆ ಬಣ್ಣದ ವೇಷವೂ ಸಾತ್ವಿಕ ಹಾಸ್ಯವೂ ಒಂದೇ ಮೈಯಲ್ಲಿ ನೆಲೆಸಬೇಕು. ಮುಂದೆ 1958ರಲ್ಲಿ ಇದೇ ಕಥೆ ಕೆ. ಶಂಕರ್ ಅವರ ನಿರ್ದೇಶನದಲ್ಲಿ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮತ್ತೆ ಚಿತ್ರವಾಯಿತು. ಕನ್ನಡದಲ್ಲಿ ರಾಜಕುಮಾರ್ ಮತ್ತು ಕಲ್ಯಾಣ್‌ಕುಮಾರ್, ತೆಲುಗಿನಲ್ಲಿ ಎನ್.ಟಿ. ರಾಮರಾವ್ ಮತ್ತು ಅಕ್ಕಿನೇನಿ ನಾಗೇಶ್ವರರಾವ್ ಕ್ರಮವಾಗಿ ರಾವಣ, ನಾರದರಾದರು. ಕಡಲತಡಿಯ ಒಂದು ಐತಿಹ್ಯ ಕಂಪನಿ ನಾಟಕದ ಮೂಲಕ ದಕ್ಷಿಣದ ಚಿತ್ರರಂಗದ ಆಸ್ತಿಯಾದ ಬಗೆ ಇದು.

ಶಕಾರ: ನಗೆಯೊಳಗಿನ ಭಯ

1941ರ ‘ವಸಂತಸೇನಾ’ ರಾಮಯ್ಯರ್ ಶಿರೂರ್ ಅವರ ನಿರ್ದೇಶನದ ಚಿತ್ರ. ಶೂದ್ರಕನ ‘ಮೃಚ್ಛಕಟಿಕ’ ಇದರ ಆಧಾರ. ಲಕ್ಷ್ಮೀಬಾಯಿ ಅವರು ವಸಂತಸೇನೆ, ನಾಗೇಂದ್ರರಾಯರು ಶಕಾರ. ಅವರ ಹೆಸರಿನೊಂದಿಗೆ ಬಹುಕಾಲ ಬೆಸೆದುಕೊಂಡು ನಿಂತ ಪಾತ್ರಗಳಲ್ಲಿ ಇದಕ್ಕೆ ಅಗ್ರಸ್ಥಾನ.

ಶಕಾರ ರಾಜನ ಭಾವಮೈದ. ‘ಸ’ ಎನ್ನಬೇಕಾದಲ್ಲಿ ‘ಶ’ ಎನ್ನುವ ಅವನ ನಾಲಗೆಯೇ ಅವನ ಹೆಸರಾಗಿದೆ. ಓದಿದವನಂತೆ ಬೀಗುತ್ತಾನೆ, ರಾಮಾಯಣದವರನ್ನು ಭಾರತಕ್ಕೂ ಭಾರತದವರನ್ನು ರಾಮಾಯಣಕ್ಕೂ ಸೇರಿಸಿ ಉಪಮೆ ಕೊಡುತ್ತಾನೆ. ಪುರಾಣಗಳನ್ನು ಬಾಲ್ಯದಿಂದ ಕೇಳಿ ಬಲ್ಲ ಕನ್ನಡ ಪ್ರೇಕ್ಷಕನಿಗೆ ಈ ಎಡವಟ್ಟು ಕೂಡಲೇ ಅರ್ಥವಾಗುತ್ತದೆ, ನಗು ಚಿಮ್ಮುತ್ತದೆ. ಇಂತಹ ಮಾತಿನ ಕಲಸುಮೇಲೋಗರ ನಮ್ಮ ಬಯಲಾಟಗಳಿಗೆ ಹೊಸತಲ್ಲ. ಮೂಡಲಪಾಯದ ಹನುಮನಾಯಕ, ದೊಡ್ಡಾಟದ ಸಾರಥಿ ಇವರೆಲ್ಲ ಮಾತನ್ನು ತಿರುಚಿ, ಹೆಸರನ್ನು ತಪ್ಪು ಹೇಳಿ ನಗಿಸುವವರೇ.

ಆದರೆ ಇಲ್ಲಿ ಮುಖ್ಯವಾದ ಒಂದು ಭೇದವಿದೆ. ಹನುಮನಾಯಕ ಜನರ ಕಡೆಯವನು. ಅವನು ದಡ್ಡನಂತೆ ನಟಿಸಿ ದೊರೆಯನ್ನು ಅಣಕಿಸುತ್ತಾನೆ. ಅವನ ತಪ್ಪು ಮಾತಿನಲ್ಲಿ ಊರಿನ ಸತ್ಯ ಹೊರಬೀಳುತ್ತದೆ. ಶಕಾರ ಅರಮನೆಯ ಕಡೆಯವನು. ಅವನ ದಡ್ಡತನ ನಟನೆಯಲ್ಲ, ನಿಜವಾದದ್ದು. ಅದರ ಬೆನ್ನಿಗೆ ಅಧಿಕಾರವಿದೆ. ತನಗೆ ಒಲಿಯದ ಹೆಣ್ಣಿನ ಕತ್ತು ಹಿಸುಕಿ, ಆ ಕೊಲೆಯ ಆರೋಪವನ್ನು ಚಾರುದತ್ತನ ತಲೆಗೆ ಕಟ್ಟಿ, ನ್ಯಾಯಸ್ಥಾನವನ್ನೇ ಬೆದರಿಸಬಲ್ಲವನು ಅವನು. ನಕ್ಕ ಪ್ರೇಕ್ಷಕನಿಗೆ ತಾನು ನಕ್ಕದ್ದು ಯಾರನ್ನು ನೋಡಿ ಎಂದು ಮರುಗಳಿಗೆಯಲ್ಲಿ ಅಂಜಿಕೆಯಾಗಬೇಕು. ಬರಿಯ ಹಾಸ್ಯನಟ ಈ ಪಾತ್ರವನ್ನು ಹಗುರಗೊಳಿಸುತ್ತಾನೆ, ಬರಿಯ ಖಳನಟ ಅದನ್ನು ಒಣಗಿಸುತ್ತಾನೆ. ಹಾಸ್ಯಪಾರ್ಟು ಮತ್ತು ಖಳಪಾರ್ಟುಗಳೆರಡರಲ್ಲಿಯೂ ನುರಿತ ನಟನಿಗೆ ಮಾತ್ರ ಅದು ಒಲಿಯುತ್ತದೆ. ಸ್ವಾತಂತ್ರ್ಯಪೂರ್ವದ ಸಂಸ್ಥಾನವೊಂದರ ಪ್ರಜೆಗಳು ಅರಮನೆಯ ನಂಟಸ್ತಿಕೆಯ ದರ್ಪವನ್ನು ತೆರೆಯ ಮೇಲೆ ಕಂಡು ನಕ್ಕರು ಎಂಬುದನ್ನೂ ಇಲ್ಲಿ ನೆನಪಿಡಬೇಕು.

ನಿರ್ದೇಶನ ಮತ್ತು ಮಾಗಿದ ಪಾತ್ರಗಳು

1943ರ ‘ಸತ್ಯ ಹರಿಶ್ಚಂದ್ರ’ದ ನಿರ್ದೇಶನ ನಾಗೇಂದ್ರರಾಯರದು. ಮೆಯ್ಯಪ್ಪನ್ ಅವರ ನಿರ್ಮಾಣದ ಈ ಕನ್ನಡ ಚಿತ್ರವನ್ನು 1944ರಲ್ಲಿ ತಮಿಳಿಗೆ ಡಬ್ ಮಾಡಲಾಯಿತು. ಭಾರತದ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೀಗೆ ಧ್ವನಿ ಜೋಡಿಸಿದ ಮೊದಲ ಚಿತ್ರವೆಂದು ಇದನ್ನು ಚರಿತ್ರೆಕಾರರು ಸಾಮಾನ್ಯವಾಗಿ ಗುರುತಿಸುತ್ತಾರೆ. 1947ರಲ್ಲಿ ‘ಮಹಾತ್ಮ ಕಬೀರ್’ ಬಂದಿತು. ಹಿಂದೂ, ಮುಸ್ಲಿಂ ಎಂಬ ಭೇದವನ್ನು ಒಪ್ಪದ ನೇಕಾರ ಸಂತನ ಕಥೆಯನ್ನು ದೇಶ ಎರಡಾದ ವರ್ಷದಲ್ಲಿ ಕನ್ನಡದಲ್ಲಿ ಹೇಳಿದ್ದು ಸಣ್ಣ ಮಾತಲ್ಲ.

1953ರ ‘ಜಾತಕ ಫಲ’ದೊಂದಿಗೆ ಅವರು ಪುರಾಣದಿಂದ ಸಾಮಾಜಿಕ ವಸ್ತುವಿಗೆ ಹೊರಳಿದರು. ಕನ್ನಡದ ಜೊತೆಗೆ ತಮಿಳು ಮತ್ತು ತೆಲುಗಿನಲ್ಲಿಯೂ ಆ ಚಿತ್ರ ತಯಾರಾಯಿತು. 1957ರ ‘ಪ್ರೇಮದ ಪುತ್ರಿ’ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆಯಿತು. 1961ರ ‘ವಿಜಯನಗರದ ವೀರಪುತ್ರ’ದ ಮೂಲಕ ಮಗ ಆರ್.ಎನ್. ಸುದರ್ಶನ್ ನಾಯಕನಟನಾದರು. ಇನ್ನೊಬ್ಬ ಮಗ ಆರ್.ಎನ್. ಜಯಗೋಪಾಲ್ ಗೀತರಚನೆಕಾರರಾಗಿ, ಮತ್ತೊಬ್ಬರಾದ ಆರ್.ಎನ್.ಕೆ. ಪ್ರಸಾದ್ ಛಾಯಾಗ್ರಾಹಕರಾಗಿ ಹೆಸರು ಮಾಡಿದರು. ತಂದೆಯೊಬ್ಬನಲ್ಲಿ ಕೂಡಿದ್ದ ಕೆಲಸಗಳು ಮಕ್ಕಳಲ್ಲಿ ಕವಲೊಡೆದಂತೆ ಇದು ಕಾಣುತ್ತದೆ. ಮನೆತನದ ಕಸುಬು ಹಂಚಿಹೋಗುವ ರೀತಿಯೇ ಹೀಗೆ.

ಅವರ ಕೊನೆಯ ಘಟ್ಟದ ಪಾತ್ರಗಳಲ್ಲಿ 1968ರ ‘ಹಣ್ಣೆಲೆ ಚಿಗುರಿದಾಗ’ದ ಮನೆಯ ಹಿರಿಯನ ಪಾತ್ರವನ್ನು ವಿಶೇಷವಾಗಿ ಹೆಸರಿಸಬೇಕು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಎಂ.ಆರ್. ವಿಠಲ್ ನಿರ್ದೇಶಿಸಿದ ಈ ಚಿತ್ರದ ನಡುವೆ ಇರುವುದು ವಿಧವೆಯಾದ ಮಗಳ ಮರುಬದುಕಿನ ಪ್ರಶ್ನೆ. ಎಪ್ಪತ್ತು ದಾಟಿದ ನಟ ಇಲ್ಲಿ ಕಿರೀಟವಿಲ್ಲದೆ, ಗದೆಯಿಲ್ಲದೆ, ಕಂದಪದ್ಯವಿಲ್ಲದೆ ನಿಲ್ಲುತ್ತಾರೆ. ಸಂಪ್ರದಾಯಕ್ಕೆ ಕಟ್ಟುಬಿದ್ದ ತಂದೆಯ ಬಿಗಿತ ಅವರ ನಿಲುವಿನಲ್ಲಿಯೇ ಇದೆ. ಹಿಂದಿನ ಸಾಲಿಗೆ ಕೇಳಿಸುವಂತೆ ಕೂಗಿ ಬೆಳೆದ ಕಂಠ ಮನೆಯೊಳಗಿನ ಮಾತಿನ ಮಟ್ಟಕ್ಕೆ ಇಳಿದಿದೆ. ರಂಗಭೂಮಿಯ ನಟ ಕ್ಯಾಮೆರಾದ ಎದುರು ಅತಿಯಾಗುತ್ತಾನೆ ಎಂಬ ಸಾಮಾನ್ಯ ಆಕ್ಷೇಪಕ್ಕೆ ಈ ಪಾತ್ರವೇ ತಕ್ಕ ಉತ್ತರ.

ಉಳಿದದ್ದು ಮತ್ತು ಉಳಿಸಬೇಕಾದದ್ದು

ನಾಗೇಂದ್ರರಾಯರು 1977ರಲ್ಲಿ ತೀರಿಕೊಂಡರು. ಅವರ ತೆರೆಯ ಬದುಕಿನ ಉತ್ತರಾರ್ಧ ನಮಗೆ ನೋಡಸಿಗುತ್ತದೆ. ಅವರನ್ನು ರೂಪಿಸಿದ ರಂಗದ ಬದುಕಿನಿಂದ ಮಾತ್ರ ಚಲಿಸುವ ಚಿತ್ರವೊಂದೂ ನಮಗೆ ಬಂದಿಲ್ಲ. ಇಂತಹ ಸಂದರ್ಭದಲ್ಲಿ ಮೌಖಿಕ ಪರಂಪರೆಯನ್ನು ಅಭ್ಯಸಿಸುವವರ ವಿಧಾನ ನೆರವಿಗೆ ಬರಬಲ್ಲದು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬಗಳಿಗೆ ಪೌರಾಣಿಕ ನಾಟಕ ಆಡುವ ರೂಢಿ ಇಂದಿಗೂ ಇದೆ. ಅವುಗಳನ್ನು ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು ಕಂಪನಿಗಳಿಂದ ಬಂದವರ ಶಿಷ್ಯರು, ಶಿಷ್ಯರ ಶಿಷ್ಯರು. ಮಟ್ಟುಗಳು, ಪ್ರವೇಶದ ಹೆಜ್ಜೆಗಳು, ಮಾತು ನಿಲ್ಲಿಸುವ ಜಾಗಗಳು ಅವರ ಮೈಯಲ್ಲಿ ಉಳಿದಿವೆ. ಮೊದಲು ಕಟ್ಟಿದವರ ಹೆಸರುಗಳು ಕಳಚಿಹೋಗಿವೆ. ಕೃತಿ ಉಳಿದು ಕರ್ತೃ ಮರೆಯಾಗುವುದೇ ಜನಪದವಾಗುವ ಬಗೆಯಲ್ಲವೇ?

ಕೆಲವು ವರ್ಷಗಳ ಹಿಂದೆ ಕ್ಷೇತ್ರಕಾರ್ಯದ ನಡುವೆ ಅಂತಹ ವಯೋವೃದ್ಧ ಮೇಷ್ಟ್ರೊಬ್ಬರು ಹಳ್ಳಿಯ ಯುವಕನೊಬ್ಬನಿಗೆ ರಾವಣನ ಪ್ರವೇಶವನ್ನು ಕಲಿಸುತ್ತಿದ್ದುದನ್ನು ಕಂಡೆ. ಮೂರು ಹೆಜ್ಜೆ ಇಟ್ಟು, ನಿಂತು, ಸಭೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿ, ಆಮೇಲೆ ಮಾತು. ಯಾರಿಂದ ಬಂದದ್ದೆಂದು ಕೇಳಿದಾಗ ತಮ್ಮ ಗುರುಗಳು ಕಂಪನಿಯಲ್ಲಿ ನೋಡಿ ಕಲಿತದ್ದು ಎಂದಷ್ಟೇ ಹೇಳಿದರು. ಅದು ನಾಗೇಂದ್ರರಾಯರ ರಾವಣನೆಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ, ಹೇಳುವುದೂ ಇಲ್ಲ. ಆ ದಿನ ನಾನು ಅವರ ಹಾಡುಗಳನ್ನು ಮಾತ್ರ ಧ್ವನಿಮುದ್ರಿಸಿಕೊಂಡೆ, ನಡಿಗೆಯನ್ನು ಚಿತ್ರೀಕರಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಹೋಗುವ ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಹಾಡೇ ಪರಂಪರೆ, ನಡಿಗೆ ಅದರ ಅಲಂಕಾರವೆಂದು ಭಾವಿಸಿದ್ದ ನನ್ನ ತಪ್ಪಿಗೆ ತೆತ್ತ ಬೆಲೆ ಅದು.

ಒಟ್ಟಿನಲ್ಲಿ ನಾಗೇಂದ್ರರಾಯರ ಬಹುಮುಖತೆ ವ್ಯಕ್ತಿಯೊಬ್ಬನ ಪವಾಡವಷ್ಟೇ ಆಗಿರಲಿಲ್ಲ. ಮೇಳದ ಕಲಿಕೆಯನ್ನು ಒಳಗಿಟ್ಟುಕೊಂಡ ಕಂಪನಿಯ ಶಿಕ್ಷಣ, ನಾಯಕನ ಎದುರು ನಿಂತು ಪ್ರತಿಸಲವೂ ಬೇರೆಯಾಗಬೇಕಾದ ಅಗತ್ಯ, ಸ್ಥಳಪುರಾಣದಿಂದ ಸಾಮಾಜಿಕ ಕಾದಂಬರಿಯವರೆಗೆ ಬದಲಾದ ಕಾಲಕ್ಕೆ ತೆರೆದುಕೊಂಡ ಮನಸ್ಸು, ಇವು ಮೂರೂ ಸೇರಿ ಅದನ್ನು ರೂಪಿಸಿದವು. ‘ಮೊದಲ ವಾಕ್ಚಿತ್ರದ ರಾವಣ’ ಎಂಬ ಒಂದು ಸಾಲಿನಲ್ಲಿ ಅವರನ್ನು ಮುಗಿಸುವುದು ಅನ್ಯಾಯವಾದೀತು. ಹಳೆಯ ಕರಪತ್ರಗಳು, ಕೈಬರಹದ ಪಾರ್ಟುಪುಸ್ತಕಗಳು, ಗ್ರಾಮಫೋನ್ ತಟ್ಟೆಗಳು, ಕಂಪನಿ ಕಲಾವಿದರ ಮನೆಗಳಲ್ಲಿರುವ ಛಾಯಾಚಿತ್ರಗಳು ಇನ್ನೂ ಅಲ್ಲಲ್ಲಿ ಉಳಿದಿರುವ ಸಾಧ್ಯತೆಯಿದೆ. ಅವುಗಳೊಂದಿಗೆ ಹಳ್ಳಿಯ ನಾಟಕದ ಮೇಷ್ಟ್ರುಗಳ ಹಾಡನ್ನೂ ಹೆಜ್ಜೆಯನ್ನೂ ಒಟ್ಟಿಗೆ ದಾಖಲಿಸುವ ಕೆಲಸ ಈಗಲೇ ನಡೆಯಬೇಕಾಗಿದೆ. ಆ ಮೇಷ್ಟ್ರುಗಳಲ್ಲಿ ಹಲವರಿಗೆ ಈಗಾಗಲೇ ಎಂಬತ್ತು ದಾಟಿದೆ.